ಕರೆಯದೆ ಹೊರಟ ಆಂಬುಲೆನ್ಸ್

ಕಾರ್ ರೇಸಿನ ಟ್ರ್ಯಾಕಿನಲ್ಲಿ ಆಂಬುಲೆನ್ಸ್ ಓಡಿಸುವವನಿಗೆ ಸಂಬಳ ಕೊಡುವುದೇ ಸುಮ್ಮನೆ ಕೂತಿರಲಿ ಎಂದು. ಹಾಗೆಂದು ನಿಧಾನಪ್ಪನೇ ಹೇಳಿಕೊಳ್ಳುತ್ತಿದ್ದ, ಅದೂ ಎದೆಯುಬ್ಬಿಸಿಕೊಂಡು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಗಾಳಿ ಸೀಳಿಕೊಂಡು ಹೋಗುವ ಕಾರುಗಳ ನಡುವೆಯೇ ಬದುಕು ಕಳೆದ ಈ ಮನುಷ್ಯ ಸಂಜೆ ತನ್ನ ಹಳೇ ಸ್ಕೂಟರಿನಲ್ಲಿ ಮನೆಗೆ ಹೊರಟರೆ ಹಿಂದಿನಿಂದ ಸೈಕಲ್ಲಿನವರು ಗಂಟೆ ಬಾರಿಸಿ ದಾರಿ ಕೇಳುತ್ತಿದ್ದರು. ಅದನ್ನು ಕಂಡು ಈ ಅಡ್ಡಹೆಸರು ಕಟ್ಟಿದವನು ಟ್ರ್ಯಾಕಿನಲ್ಲೇ ಬೆಂಕಿ ಆರಿಸುವ ಗಾಡಿ ಓಡಿಸುವ ಗೆಳೆಯ.

ಟ್ರ್ಯಾಕಿನ ಹಿಂಬದಿಯಲ್ಲಿ, ಹಳೇ ಟೈರುಗಳ ರಾಶಿಯ ಪಕ್ಕ, ತಗಡಿನ ಚಾವಣಿಯ ಒಂದು ಕೋಣೆ. ಕಾಲು ಮುರಿದ ಬೆಂಚು, ಚಹಾದ ಫ್ಲಾಸ್ಕು, ಗೋಡೆಗೆ ನೇತುಹಾಕಿದ ಹೊಗೆ ಹಿಡಿದ ಕೋಟುಗಳು. ರೇಸಿಲ್ಲದ ದಿನಗಳಲ್ಲಿ ಇಬ್ಬರೂ ಅಲ್ಲಿ ಕೂತು ಮಾಡುತ್ತಿದ್ದದ್ದು ಒಂದೇ ಜಗಳ. ಆ ಕಾಲದ ಇಬ್ಬರು ದೊಡ್ಡ ಡ್ರೈವರುಗಳಲ್ಲಿ ಯಾರು ಹೆಚ್ಚು? ಒಬ್ಬನಿಗೆ ಬೆಂಕಿಪೊಟ್ಟಣ ಎಂದು ಹೆಸರು, ಇನ್ನೊಬ್ಬನಿಗೆ ಫ್ರಿಜ್ಜು. ಹೆಸರು ಕೇಳಿದರೇ ಸಾಕು, ಇಬ್ಬರ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪತ್ರಿಕೆಯವರು ಇವರಿಬ್ಬರನ್ನು ಗಡಿಯಾರ ಹಿಡಿದು ಅಳೆದರೆ, ನಿಧಾನಪ್ಪ ಅಳೆದದ್ದು ಸ್ಟ್ರೆಚರಿನ ಮೇಲೆ. ಇಬ್ಬರನ್ನೂ ಒಂದೊಂದು ಸಲ ಅವನೇ ಆಸ್ಪತ್ರೆಗೆ ಸಾಗಿಸಿದ್ದ.

“ಬೆಂಕಿಪೊಟ್ಟಣ ಭುಜ ಮುರ್ಕೊಂಡು ಮಲಗಿದ್ದ ನೋಡು,” ಎಂದು ಶುರುಮಾಡುತ್ತಿದ್ದ. “ದಾರಿಯುದ್ದಕ್ಕೂ ಬೈಗುಳ. ಗುದ್ದಿದವನಿಗೆ ಬೈದ, ಟೈರಿಗೆ ಬೈದ, ಕೊನೆಗೆ ನನಗೂ ಬೈದ. ಗೇರ್ ಬದಲಾಯ್ಸಯ್ಯಾ, ಎಮ್ಮೆ ಮೇಯ್ಸೋಕೆ ಹೊರಟಿದ್ದೀಯಾ ಅಂತ! ಫ್ರಿಜ್ಜು ಕಾಲು ಮುರ್ಕೊಂಡಾಗ ಏನು ಕೇಳ್ದ ಗೊತ್ತಾ? ಹಿಂದೆ ಬರ್ತಿದ್ದ ಹುಡುಗ ತಪ್ಪಿಸ್ಕೊಂಡನಾ ಅಂತ. ಆಮೇಲೆ ಆಸ್ಪತ್ರೆ ಬರೋವರೆಗೂ ತುಟಿ ಬಿಚ್ಚಲಿಲ್ಲ. ಇಳಿಯುವಾಗ, ನಿಮ್ಮ ಗಾಡಿ ಕುಲುಕಲ್ಲ, ಚೆನ್ನಾಗಿದೆ ಅಂದ. ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ.”

ಅವನ ತೀರ್ಪು ಎಂದೋ ಆಗಿಹೋಗಿತ್ತು. ಕೈಚಳಕ ಬೆಂಕಿಪೊಟ್ಟಣದ್ದೇ, ಅದರಲ್ಲಿ ಎರಡು ಮಾತಿಲ್ಲ. ಮಳೆ ಬಿದ್ದ ಟ್ರ್ಯಾಕಿನ ಮೇಲೆ ಬೇರೆಯವರು ತಡವರಿಸುವಾಗ ಅವನು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತಿದ್ದ. ಆದರೆ ರಾತ್ರಿ ಮನೆಗೆ ಹೋಗಿ ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಕೂರುವವನು ಫ್ರಿಜ್ಜು. ಪ್ರತಿಭೆ ಆಂಬುಲೆನ್ಸಿಗೆ ಹತ್ತಿಸುತ್ತದೆ, ಸ್ವಭಾವ ಮನೆಗೆ ತಲುಪಿಸುತ್ತದೆ.

“ಸರಿ ಮಾರಾಯ,” ಎನ್ನುತ್ತಿದ್ದ ಗೆಳೆಯ, “ಬೆಂಕಿಪೊಟ್ಟಣ ನಿನ್ನ ಗಾಡಿ ನಿಲ್ಲೋ ತಿರುವಿಗೆ ಬಂದಾಗೆಲ್ಲ ನೀನ್ಯಾಕೆ ಸೀಟಿಂದ ಎದ್ದು ನಿಲ್ತೀಯ? ಫ್ರಿಜ್ಜು ಬಂದಾಗ ಆಕಳಿಸ್ತೀಯ?”

ಆಗ ನಿಧಾನಪ್ಪ ಫ್ಲಾಸ್ಕಿನ ಮುಚ್ಚಳ ತಿರುವಿ, ಚಹಾ ಆರಿಹೋಗಿದೆ ಎಂದು ಗೊಣಗುತ್ತಿದ್ದ.

ತಾನಂತೂ ಫ್ರಿಜ್ಜಿನ ಜಾತಿಯವನೇ ಎಂದು ಅವನ ನಂಬಿಕೆ. ನಂಬುವುದಕ್ಕೆ ಕಾರಣವೂ ಇತ್ತು. ಟ್ರ್ಯಾಕಿನಲ್ಲಿ ಆಂಬುಲೆನ್ಸಿನ ಚಕ್ರ ಒಂದು ಸುತ್ತು ಉರುಳಿದರೂ ಸುತ್ತಲೂ ಕೆಂಪು ಬಾವುಟ ಏಳಬೇಕು, ರೇಸು ನಿಲ್ಲಬೇಕು. ಅದಕ್ಕೇ ಡ್ರೈವರ್ ತಾನಾಗಿ ಹೊರಡುವಂತಿಲ್ಲ. ಪಕ್ಕದ ಸೀಟಿನ ಡಾಕ್ಟರಮ್ಮ ಕಿವಿಗೆ ರೇಡಿಯೋ ಹಾಕಿಕೊಂಡಿರುತ್ತಾಳೆ. ಮೇಲಿನಿಂದ ಅಪ್ಪಣೆ ಬಂದರೆ ಅವನ ಭುಜ ತಟ್ಟುತ್ತಾಳೆ. ತಟ್ಟಿದರೆ ಹೊರಡಬೇಕು, ಇಲ್ಲವಾದರೆ ಕಣ್ಣೆದುರೇ ಕಾರು ಪಲ್ಟಿ ಹೊಡೆದರೂ ಕಲ್ಲಿನ ಹಾಗೆ ಕೂತಿರಬೇಕು. ಇಷ್ಟು ವರ್ಷಗಳ ನೌಕರಿಯಲ್ಲಿ ನಿಧಾನಪ್ಪ ಒಮ್ಮೆಯೂ ಭುಜ ತಟ್ಟದೆ ಕೀಲಿ ತಿರುಗಿಸಿದವನಲ್ಲ. ಹೊಸದಾಗಿ ಸೇರಿದ ಡ್ರೈವರುಗಳಿಗೆ ಇದನ್ನು ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ್ದ.

ಹೀಗೆ ಊರಿನವರ ಸ್ವಭಾವವನ್ನೆಲ್ಲ ತೂಗಿ ನೋಡುವವನ ಮನೆಯಲ್ಲೇ ಒಂದು ಬೆಂಕಿಪೊಟ್ಟಣ ಬೆಳೆಯುತ್ತಿತ್ತು. ಅವನ ಒಬ್ಬಳೇ ಮಗಳು. ಮೂಗಿನ ತುದಿಯಲ್ಲೇ ಕೋಪ. ಅವಳು ಬಾಗಿಲು ಹಾಕಿದರೆ ಕೆಳಗಿನ ಮನೆಯವರು ಮೇಲೆ ನೋಡುತ್ತಿದ್ದರು. ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಬಸ್ಸನ್ನು ಮುಂದಿನ ಸ್ಟಾಪಿನವರೆಗೂ ಅಟ್ಟಿಸಿಕೊಂಡು ಹೋಗಿ ಡ್ರೈವರನಿಗೆ ಮಂಗಳಾರತಿ ಎತ್ತಿ ಬಂದವಳು. ಸೋದರಮಾವನ ಗ್ಯಾರೇಜಿನಲ್ಲಿ ಗ್ರೀಸು ಬಳಿದುಕೊಂಡು ಕಾರು ಕಲಿತಳು; ಕಲಿತದ್ದೇ ತಡ, ಚಿಕ್ಕ ಕಾರುಗಳ ರೇಸಿಗೆ ಇಳಿದಳು. ಬೇರೆ ಊರುಗಳಲ್ಲಿ ನಡೆದ ರೇಸುಗಳಲ್ಲಿ ಗೆದ್ದು ಬಂದಳೂ ಸಹ. ನಿಧಾನಪ್ಪ ಒಂದನ್ನೂ ನೋಡಲು ಹೋಗಲಿಲ್ಲ. ಕೆಲಸವಿದೆ ಎನ್ನುತ್ತಿದ್ದ.

ಈಗ ಒಂದು ತಂಡದ ಮಾಲೀಕ ಅವಳಿಗೆ ವರ್ಷವಿಡೀ ದೊಡ್ಡ ಕಾರು ಕೊಡಲು ಒಪ್ಪಿದ್ದ. ಅವಳೇ ಹೂಂ ಎನ್ನಬಹುದಿತ್ತು, ವಯಸ್ಸೇನು ಕಡಿಮೆಯಿರಲಿಲ್ಲ.

“ಅಪ್ಪ ಒಪ್ಪಿದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ,” ಎಂದಳು. “ಆದ್ರೆ ಬೇಡ ಅನ್ನೋದಾದ್ರೆ ನನ್ನ ಮುಖ ನೋಡಿ ಬೇಡ ಅನ್ನು. ನೋಡೋಣ, ನೋಡೋಣ ಅಂತ ಸಾಗಹಾಕಬೇಡ.”

“ನೋಡೋಣ,” ಎಂದ ನಿಧಾನಪ್ಪ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. “ಇವರ ನೋಡೋಣ ಮುಗಿಯೋ ಹೊತ್ತಿಗೆ ನೀನು ಅಜ್ಜಿ ಆಗಿರ್ತೀಯ ಬಿಡು,” ಎಂದಳು.

ನಗುವವರಿಗೇನು ಗೊತ್ತು? ಅವನಿಗೆ ಹೆದರಿಕೆ. ಸ್ಟ್ರೆಚರಿನ ಪಟ್ಟಿ ಎಷ್ಟು ಬಿಗಿ ಎಳೆಯಬೇಕು, ಹೆಲ್ಮೆಟ್ಟು ಹೇಗೆ ಬಿಡಿಸಬೇಕು ಎಂದು ಬಲ್ಲ ಕೈಗಳು ಅವು. ಮಗಳು ಮನೆಯಲ್ಲಿ ಹೆಲ್ಮೆಟ್ಟು ಒರೆಸುತ್ತಾ ಕೂತರೆ ಅವನು ಎದ್ದು ಬಾಲ್ಕನಿಗೆ ಹೋಗುತ್ತಿದ್ದ. ಹೆಂಡತಿಯ ಎದುರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಮುಂದಿನ ರೇಸು ಅವನ ಟ್ರ್ಯಾಕಿನಲ್ಲೇ. ಅವನು ತನ್ನ ತಿರುವಿನಲ್ಲಿ ಕೂತು ಅವಳು ಓಡಿಸುವುದನ್ನು ನೋಡಲಿ. ಸಂಜೆ ಮಾಲೀಕನಿಗೆ ಉತ್ತರ ಹೇಳಬೇಕು, ಹೌದೋ ಅಲ್ಲವೋ ಎಂದು.

ರೇಸಿನ ಬೆಳಗ್ಗೆ ಡಾಕ್ಟರಮ್ಮ ಗಾಡಿ ಹತ್ತುವ ಮೊದಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇವತ್ತು ಬೇರೆ ಡ್ರೈವರ್ ಬರ್ಲಿ. ನಿಮ್ಮ ಮಗಳು ಟ್ರ್ಯಾಕಲ್ಲಿ ಇರ್ತಾಳೆ. ನಾನೂ ತಾಯಿ, ನನಗೆ ಅರ್ಥ ಆಗುತ್ತೆ.”

“ಡಾಕ್ಟರಮ್ಮಾ, ಎಂತೆಂಥವರನ್ನ ಸಾಗಿಸಿದ್ದೀನಿ. ನನ್ನ ಕೈ ಒಂದಿನ ನಡುಗಿದ್ದು ನೋಡಿದ್ದೀರಾ?”

“ಅವರ್ಯಾರೂ ನಿಮ್ಮ ಮನೆಯವರಲ್ಲ.”

“ಎಲ್ಲರೂ ಯಾರದೋ ಮನೆಯವರೇ ಅಲ್ವಾ?” ಎಂದ ನಿಧಾನಪ್ಪ ದೊಡ್ಡ ತತ್ವಜ್ಞಾನಿಯ ಧಾಟಿಯಲ್ಲಿ. ಡಾಕ್ಟರಮ್ಮ ಗಾಡಿ ಹತ್ತಿದಳು. ಆ ಮಾತಿಗೆ ಸೋತು ತಪ್ಪು ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ಹೇಳಿದಳು.

ರೇಸು ಶುರುವಾಯಿತು. ಮಗಳದು ಬಿಳಿ ಕಾರು, ನೀಲಿ ಹೆಲ್ಮೆಟ್ಟು. ಮೊದಲ ಸುತ್ತಿನಲ್ಲಿ ಅವಳು ತಿರುವಿಗೆ ಬಂದಾಗ ನಿಧಾನಪ್ಪ ಕಣ್ಣು ಮುಚ್ಚಿಕೊಂಡ. ಎರಡನೆಯ ಸುತ್ತಿಗೆ ಒಂದು ಕಣ್ಣು ತೆರೆದ. ನಾಲ್ಕೈದು ಸುತ್ತು ಕಳೆಯುವ ಹೊತ್ತಿಗೆ ಎರಡೂ ಕಣ್ಣು ಬಿಟ್ಟು, ತನಗೇ ತಿಳಿಯದೆ ಸೀಟಿನಿಂದ ಅರ್ಧ ಎದ್ದಿದ್ದ. ಹುಡುಗಿ ನಾಲ್ಕನೇ ಸ್ಥಾನದಲ್ಲಿದ್ದಳು. ಅವಳ ಬ್ರೇಕಿನ ದೀಪ ಪ್ರತಿಸಲವೂ ಒಂದೇ ಜಾಗದಲ್ಲಿ ಹತ್ತುತ್ತಿತ್ತು. ಮುಂದಿನ ಕಾರಿನವನು ಎರಡು ಸಲ ದಾರಿಗೆ ಅಡ್ಡ ಬಂದು ಕೆಣಕಿದ. ಬಸ್ಸಿನ ಹಿಂದೆ ಓಡಿದವಳು ಈಗ ಸುಮ್ಮನಿರುತ್ತಾಳೆಯೇ, ಗುದ್ದಿಯೇ ಬಿಡುತ್ತಾಳೆ ಎಂದು ಇವನ ಜೀವ ಬಾಯಿಗೆ ಬಂತು. ಅವಳು ಗುದ್ದಲಿಲ್ಲ. ಸ್ವಲ್ಪ ಹಿಂದೆ ಸರಿದು ಕಾದಳು.

ಮುಂದಿನ ಸುತ್ತಿನಲ್ಲಿ ಅದೇ ಮುಂದಿನ ಕಾರು ತಿರುವಿನ ನಡುವೆ ಗಿರ್ರನೆ ತಿರುಗಿ ದಾರಿಗೆ ಅಡ್ಡಲಾಗಿ ನಿಂತಿತು. ಹಿಂದೆಯೇ ಬಿಳಿ ಕಾರು. ಟೈರು ಕಿರುಚಿದ ಸದ್ದು, ಮರುಕ್ಷಣ ದಾರಿ ತಪ್ಪಿದ ಕಾರು ತಡೆಯಲೆಂದು ತಿರುವಿನ ಅಂಚಿಗೆ ಹರವಿದ್ದ ಮರಳು ಧೂಳಾಗಿ ಮನೆಯೆತ್ತರ ಎದ್ದು ಬಿಳಿ ಕಾರನ್ನು ನುಂಗಿಹಾಕಿತು.

ಭುಜವನ್ನು ಯಾರೂ ತಟ್ಟಲಿಲ್ಲ. ಡಾಕ್ಟರಮ್ಮ “ಬೇಡ! ತಡೀರಿ, ಇನ್ನೂ ಹೇಳಿಲ್ಲ!” ಎಂದು ಕೂಗಿದ್ದು ಅವನ ಕಿವಿಗೆ ಬೀಳುವಷ್ಟರಲ್ಲಿ ಗಾಡಿ ಟ್ರ್ಯಾಕಿನ ಮೇಲಿತ್ತು. ಸೈರನ್ ಹೊಡೆದುಕೊಂಡಿತು. ಸುತ್ತಲೂ ಕೆಂಪು ಬಾವುಟಗಳು ಎದ್ದವು. ಅಷ್ಟು ದೂರದಲ್ಲಿ ಮೊದಲ ಸ್ಥಾನದಲ್ಲಿ ಹಾಯಾಗಿ ಹೋಗುತ್ತಿದ್ದವನು ಏನಾಯಿತೆಂದು ತಿಳಿಯದೆ ಬ್ರೇಕು ಒತ್ತಿದ. ಆ ದಿನ ನಿಧಾನಪ್ಪ ಗೇರು ಬದಲಾಯಿಸಿದ ಪರಿಯನ್ನು ಗೆಳೆಯ ಇವತ್ತಿಗೂ ಎದ್ದುನಿಂತು ಅಭಿನಯಿಸಿ ತೋರಿಸುತ್ತಾನೆ.

ಧೂಳು ಇಳಿದಾಗ ಬಿಳಿ ಕಾರು ಮರಳಿನಲ್ಲಿ ನೆಟ್ಟಗೆ ನಿಂತಿತ್ತು. ಇಂಜಿನ್ ಓಡುತ್ತಲೇ ಇತ್ತು. ಮತ್ತೆ ಟ್ರ್ಯಾಕಿಗೆ ಸೇರಲು ಸಂದಿ ಕಾಯುತ್ತಿದ್ದ ಮಗಳು, ತನ್ನ ಮೂಗಿನ ಮುಂದೆ ಬಂದು ನಿಂತ ಆಂಬುಲೆನ್ಸನ್ನು ನೋಡಿ ಹೆಲ್ಮೆಟ್ಟಿನ ಗಾಜು ಎತ್ತಿದಳು.

“ಅಪ್ಪಾ, ನಿನ್ನನ್ನ ಯಾರು ಕರೆದ್ರು?”

ನಿಧಾನಪ್ಪ ಇಳಿದು ಓಡಿ ಬಂದವನು ಕಾರಿನ ಬಾಗಿಲಿಗೆ ಒರಗಿ ನಿಂತ. ಅವಳ ಕೈ ನೋಡಿದ, ಕುತ್ತಿಗೆ ನೋಡಿದ, ಕಣ್ಣು ನೋಡಿದ.

“ನನಗೇನೂ ಆಗಿಲ್ಲ. ಅವನು ಅಡ್ಡ ನಿಂತ, ಒಂದು ಕಡೆ ಅವನು, ಇನ್ನೊಂದು ಕಡೆ ಗೋಡೆ. ಅದಕ್ಕೇ ಮರಳಿಗೆ ಇಳಿಸ್ದೆ. ಬೇಕಂತಲೇ ಇಳಿಸ್ದೆ ಅಪ್ಪಾ.” ಅವಳ ದನಿ ಅಂಗಡಿಯಲ್ಲಿ ಸೋಪು ಕೇಳುವವರ ದನಿಯಷ್ಟು ಸಾದಾ ಇತ್ತು. ಆಮೇಲೆ ಅವನ ಕೈಗಳತ್ತ ನೋಡಿದಳು. ಎರಡೂ ಗಡಗಡ ನಡುಗುತ್ತಿದ್ದವು. ಅವಳು ಕೈಗವಸು ಬಿಚ್ಚಿ ಕಿಟಕಿಯಿಂದ ಕೈಚಾಚಿ ಅವನ್ನು ಹಿಡಿದುಕೊಂಡಳು. “ಉಸಿರು ಬಿಡು. ಹಾಂ, ಹಾಗೆ. ಇನ್ನೊಂದು ಸಲ.”

ಮನೆಯಲ್ಲಿ ಬಾಗಿಲು ಬಡಿಯುವ ಮಗಳು ಸ್ಟಿಯರಿಂಗಿನ ಹಿಂದೆ ಬೇರೆಯೇ ವ್ಯಕ್ತಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವುದೇನು, ಒಂದು ರೇಸಿಗೆ ಹೋಗಿದ್ದರೆ ತಾನೇ ನೋಡುತ್ತಿದ್ದ. ಹೋದ ಜೀವ ಬಂದಂತಾಗಿ ನಿಧಾನಪ್ಪ ಆ ಮರಳಿನಲ್ಲೇ ಕುಕ್ಕರಿಸಿ, ನೋಡುವವರು ನೋಡಲಿ ಎಂದು ಅತ್ತುಬಿಟ್ಟ. ಅಳುತ್ತಲೇ ನಕ್ಕ.

ರೇಸು ಮೊದಲಿದ್ದ ಸ್ಥಾನಗಳಲ್ಲೇ ಮತ್ತೆ ಸಾಲುಗಟ್ಟಿ ಹೊರಟಿತು. ಆಂಬುಲೆನ್ಸಿಗೆ ಬೇರೆ ಡ್ರೈವರ್ ಬಂದ. ನಿಧಾನಪ್ಪ ಹೆಂಡತಿಯ ಪಕ್ಕ ತಂತಿಬೇಲಿ ಹಿಡಿದು ನಿಂತು ಪೂರ್ತಿ ನೋಡಿದ. ಮಗಳು ನಾಲ್ಕನೆಯವಳಾಗಿ ಹೊರಟು ಮೂರನೆಯವಳಾಗಿ ಬಂದಳು. ಮೊದಲ ಸ್ಥಾನದಲ್ಲಿದ್ದವನು ಈ ಗೊಂದಲದಲ್ಲಿ ಎರಡನೆಯವನಾದ. ಅವನ ಅಪ್ಪ ನಿಧಾನಪ್ಪನನ್ನು ನೋಡಿದ ನೋಟ ಸುಟ್ಟುಬಿಡುವಂತಿತ್ತು. ನಿಧಾನಪ್ಪ ಹೋಗಿ ಕೈಮುಗಿದು ತಪ್ಪಾಯಿತು ಎಂದ. ಆತ ಸ್ವಲ್ಪ ಹೊತ್ತು ಬುಸುಗುಟ್ಟಿ, “ನನ್ನ ಕೈಲಿ ಗಾಡಿ ಇದ್ದಿದ್ರೆ ನಾನೂ ಹೊರಟುಬಿಡ್ತಿದ್ದೆ ಅನ್ಸುತ್ತೆ, ಹೋಗ್ರಿ,” ಎಂದ.

ಹೆಂಡತಿ ಮಾತ್ರ ಬಿಡಲಿಲ್ಲ. “ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ! ಯಾರ್ಯಾರದೋ ಸ್ವಭಾವ ಅಳೀತಿದ್ರಲ್ಲ ಮಹಾಶಯರು!”

ಸಂಜೆ ತಗಡಿನ ಕೋಣೆಯಲ್ಲಿ ಡಾಕ್ಟರಮ್ಮನೇ ಮೇಲಿನವರ ತೀರ್ಮಾನ ತಂದಳು. ಕೆಲಸ ಹೋಗುವುದೆಂದು ನಿಧಾನಪ್ಪ ಕೋಟನ್ನು ಮಡಚಿ ಇಟ್ಟಿದ್ದ. ಮಗಳು, ಗೆಳೆಯ, ಹೆಂಡತಿ ಎಲ್ಲರೂ ಅಲ್ಲೇ ಇದ್ದರು. ತಂಡದ ಮಾಲೀಕ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ.

“ಕೆಲಸದಿಂದ ತೆಗೀಬೇಕು ಅಂತಿದ್ರು, ನಾನು ಮಾತಾಡಿದ್ದೀನಿ,” ಎಂದಳು ಡಾಕ್ಟರಮ್ಮ. “ಆದ್ರೆ ಇನ್ಮೇಲೆ ನಿಮ್ಮ ಮಗಳು ಓಡಿಸೋ ದಿನ ನೀವು ಈ ಗಾಡಿ ಮುಟ್ಟೋ ಹಾಗಿಲ್ಲ. ಯಾವತ್ತೂ. ಏನೇ ಆದ್ರೂ ಬೇರೆಯವರು ಹೋಗ್ತಾರೆ, ನೀವಲ್ಲ. ಇದು ಶಿಕ್ಷೆ ಅಂತಾನೇ ತಿಳ್ಕೊಳ್ಳಿ.”

“ಆಗ್ಲಿ ಡಾಕ್ಟರಮ್ಮಾ,” ಎಂದ ನಿಧಾನಪ್ಪ ಅವಳ ಮಾತು ಮುಗಿಯುವುದಕ್ಕೂ ಬಿಡದೆ. “ಒಪ್ಪಿದೆ, ಒಪ್ಪಿದೆ.”

ಮಗಳು ಮೆಲ್ಲಗೆ ಕೇಳಿದಳು.

“ಅಂದ್ರೆ, ನಾನು ಓಡಿಸೋ ದಿನ ಇನ್ನೂ ಇವೆ ಅಂತಾಯ್ತಾ ಅಪ್ಪಾ?”

ಅವನು ಅವಳ ಮುಖ ನೋಡಿಯೇ ಹೇಳಿದ. “ಇವೆ. ಹೋಗಿ ಅವರಿಗೆ ಹೇಳು.”

ಅವಳು ಹೊರಗೆ ಓಡಿದಳು. ಹೆದರಿಕೆ ಹೋಯಿತೇ ಎಂದರೆ, ಇಲ್ಲ, ಅದು ಎಲ್ಲಿತ್ತೋ ಅಲ್ಲೇ ಇತ್ತು. ಆದರೆ ಇನ್ನು ಮೇಲೆ ಎಲ್ಲ ಅಪ್ಪಂದಿರ ಹಾಗೆ ಬೇಲಿ ಹಿಡಿದುಕೊಂಡು ಹೆದರಿದರೆ ಸಾಕು. ಅವಳನ್ನು ಎತ್ತಿಕೊಂಡು ಬರುವ ಕೆಲಸ ತನ್ನದಲ್ಲ. ನಿಧಾನಪ್ಪ ಬೆಂಚಿನ ಮೇಲೆ ಕೂತು, ಎಷ್ಟೋ ತಿಂಗಳುಗಳ ಮೇಲೆ ಮೊದಲ ಸಲ, ಹಸಿವಾಗುತ್ತಿದೆ ಎಂದ.