ನಾಟಿ ಹಸುವಿನ ನೆತ್ತರು

ಉಣ್ಣೆ ಎಂದರೆ ಪೇಟೆಯವರಿಗೆ ಸ್ವೆಟರು ನೆನಪಾಗುತ್ತದೆ, ದನ ಕಟ್ಟಿದವರಿಗೆ ರಕ್ತ ಹೀರುವ ಹುಳು. ಚಾಮರಾಜನಗರದ ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಬೋಧಿಸಿ, ಬಿಳಿ ರಕ್ತಕಣದ ಚಿತ್ರವನ್ನು ಕಣ್ಣುಮುಚ್ಚಿ ಬರೆಯಬಲ್ಲವನಾಗಿದ್ದ ನಾನು ಈ ಎರಡನೆಯ ಅರ್ಥವನ್ನು ಕಲಿತದ್ದು, ನಿವೃತ್ತನಾಗಿ ತೆರಕಣಾಂಬಿಯ ಜಮೀನು ಸೇರಿ ಭಾರೀ ಗಾತ್ರದ ಸೀಮೆಹಸುವೊಂದನ್ನು ಕೊಂಡ ಮೇಲೆ. ಪಕ್ಕದ ಜಮೀನಿನ ಪುಟ್ಟಮ್ಮನ ಗಿಡ್ಡ ನಾಟಿಹಸುವನ್ನು ಕಂಡು, "ಏನಮ್ಮ, ಮೇಕೆ ಸಾಕಿದ್ದೀಯಾ?" ಎಂದು ಹಾಸ್ಯವನ್ನೂ ಮಾಡಿದ್ದೆ.

ಎರಡೂ ಒಂದೇ ಬದುವಿನಲ್ಲಿ ಮೇಯುತ್ತಿದ್ದವು, ಉಣ್ಣೆ ಎರಡಕ್ಕೂ ಹತ್ತಿತು. ಜ್ವರ ಬಂದು ಮಲಗಿದ್ದು ನನ್ನದು ಮಾತ್ರ. ಒಸಡು ಸುಣ್ಣದಂತೆ ಬಿಳಿಚಿತ್ತು. ಪಶುವೈದ್ಯರು ಇಂಜೆಕ್ಷನ್ ಕೊಟ್ಟು, "ಔಷಧಿ ಹಿಡಿಯೋವರೆಗೂ ಜೀವ ನಿಲ್ಲಬೇಕಲ್ಲ ಸರ್. ರಕ್ತ ಬೇಕು. ಹತ್ತಿರದಲ್ಲಿ ಗಟ್ಟಿ ಹಸು ಯಾವುದಿದೆ?" ಎಂದರು.

ನಾನು ಪುಟ್ಟಮ್ಮನ ಕೊಟ್ಟಿಗೆಗೆ ಹೋಗಿ ವಿಷಯ ಹೇಳಿದೆ. ಅವಳಿಗಿದ್ದದ್ದು ಅದೊಂದೇ ಹಸು.

"ಮೇಕೆ ರಕ್ತ ಆದದಾ ಮೇಷ್ಟ್ರೇ?" ಎಂದಳು. "ಅವತ್ತಿನ ಮಾತು ಮರೆತುಬಿಡಮ್ಮ" ಎಂದೆ. ಅವಳು ಹಸುವಿನ ಕತ್ತಿನಡಿಯ ಗಂಗೆದೊಗಲನ್ನು ಸವರುತ್ತಾ, "ಇದ್ಕೇನೂ ಆಗ್ದಂಗೆ ನೋಡ್ಕಬೇಕು ಕಣಪ್ಪ ಡಾಕ್ಟ್ರು" ಎಂದು ಹಗ್ಗ ಬಿಚ್ಚಿದಳು.

ಪರೀಕ್ಷಿಸಿ ತೆಗೆದ ಅದರ ರಕ್ತ ಬಾಟಲಿಯಿಂದ ನನ್ನ ಹಸುವಿಗೆ ಹನಿಹನಿಯಾಗಿ ಇಳಿಯುವಾಗ ವೈದ್ಯರು ವಿವರಿಸಿದರು. ಉಣ್ಣೆ ಕಚ್ಚಿ ಹರಡುವ ಈ ರೋಗಾಣು ಹೊಕ್ಕು ಕೂರುವುದೇ ಬಿಳಿ ರಕ್ತಕಣದೊಳಗೆ. ಸೀಮೆಹಸುವಿನ ಕಣ ಅದರ ಕುಣಿತಕ್ಕೆ ತಾನೂ ಕುಣಿದು, ಉರಿದು, ಮೈಯನ್ನೆಲ್ಲ ಸುಡುತ್ತದೆ. ತಲೆತಲಾಂತರದಿಂದ ಉಣ್ಣೆಯೊಡನೆ ಬಾಳಿದ ನಾಟಿತಳಿಯ ಕಣಗಳಲ್ಲಿ ಜೀನುಗಳ ವರ್ತನೆಯೇ ಬೇರೆ, ಅವು ಅಷ್ಟು ರೊಚ್ಚಿಗೇಳುವುದಿಲ್ಲ ಎಂದು ಈಚಿನ ಸಂಶೋಧನೆಗಳು ಹೇಳುತ್ತವಂತೆ.

"ಹಾಗಾದರೆ ಆ ಗುಣವೂ ಇದಕ್ಕೆ ಬರುತ್ತಾ?" ಎಂದು ಕೇಳಿಯೇಬಿಟ್ಟೆ. ನನ್ನ ವಿದ್ಯಾರ್ಥಿ ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

"ಇಲ್ಲ ಸರ್, ನಾಲ್ಕು ದಿನದ ತ್ರಾಣ ಬರುತ್ತೆ, ಅಷ್ಟೇ."

ಆ ತ್ರಾಣವೇ ಸಾಕಾಯಿತು. ಐದನೆಯ ದಿನ ನನ್ನ ಹಸು ಎದ್ದು ನಿಂತು, ಒಂದು ಹಿಡಿ ಹಸಿ ಜೋಳದ ಕಡ್ಡಿ ತಿಂದಿತು. ವೈದ್ಯರು ಬಂದು ಅದರ ಒಸಡು ಬಿಡಿಸಿ ನೋಡುತ್ತಿದ್ದರು. ನೋಡಲು ಬಂದಿದ್ದ ಪುಟ್ಟಮ್ಮ, "ನಾಳೆ ನಮ್ದುಕ್ಕೆ ಏನಾರ ಆದ್ರೆ ಇದೂ ರಕ್ತ ಕೊಡ್ತದಾ?" ಎಂದಳು.

ನಾನು ವೈದ್ಯರ ಮುಖ ನೋಡಿದೆ. ವಾಸಿಯಾದರೂ ರೋಗಾಣು ಒಳಗೇ ಅಡಗಿರುತ್ತದೆ, ಕೊಡುವಂತಿಲ್ಲ ಎಂದು ಅವರು ತಲೆಯಾಡಿಸಿದರು.

"ಇದು ಹಾಲು ಕೊಡೋದಷ್ಟೇ ಪುಟ್ಟಮ್ಮ" ಎಂದೆ.

"ಆಗ್ಲಿ ಬುಡಿ, ಎಲ್ರೂ ಎಲ್ಲಾನೂವೆ ಕೊಡಕಾದದಾ?" ಎಂದು ಅವಳು ತನ್ನ ಹಸುವನ್ನು ಹೊಡೆದುಕೊಂಡು ಬದುವಿನ ಕಡೆ ನಡೆದಳು.