ಒಂದು ಇನಿಂಗ್ಸಿನ ಮರ್ಯಾದೆ

ಅಲಬಾಮಾದ ಶಾಲಾ ಬೇಸ್‌ಬಾಲನ್ನು ಬಲ್ಲವರು ಯಾರೇ ಆಗಲಿ, ಶ್ರೀ ಹೋಜಿಯಾ ಟ್ರಿಂಬಲ್ ಅವರ ಹೆಸರು ಕೇಳಿದೊಡನೆ ಕೂತಲ್ಲಿಂದ ಕೊಂಚ ನೆಟ್ಟಗಾಗುತ್ತಾರೆ. ಎಸೆಯುವ ಹುಡುಗನ ಭುಜ ನೋಡಿಯೇ ಬರಲಿರುವ ಚೆಂಡು ಎಂಥದೆಂದು ಹೇಳಬಲ್ಲ ಕಣ್ಣು, ಸೋತು ಬಂದವನನ್ನು ಬೈಯದೆ ತಿದ್ದಬಲ್ಲ ನಾಲಿಗೆ, ಇವೆರಡೂ ಒಬ್ಬರಲ್ಲೇ ಕೂಡಿಬರುವುದು ಅಪರೂಪ. ಅಂಥವರು ಈ ಮೇ ತಿಂಗಳಲ್ಲಿ ಕಾರ್ವೆಲ್ ಹೈಸ್ಕೂಲಿನಿಂದ ನಿವೃತ್ತರಾಗುತ್ತಿದ್ದಾರೆ. ಅವರ ಶಿಷ್ಯೆಯಾಗಿದ್ದು, ಈಗ ಅದೇ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿರುವ ನನ್ನಿಂದ ಲೇಖನ ಬಯಸಿದ ಅವರ ಅಭಿನಂದನ ಸಂಪುಟದ ಸಮಿತಿಗೆ ನಾನು ಕೃತಜ್ಞಳು. ನಾಲ್ಕು ಒಳ್ಳೆಯ ಮಾತು ಬರೆಯಿರಿ, ಹಳೆಯದನ್ನು ಕೆದಕಬೇಡಿ ಎಂದು ಸಮಿತಿ ಸೂಚಿಸಿತ್ತು. ಚರಿತ್ರೆ ಕಲಿಸುವವಳಿಗೆ ಹಳೆಯದನ್ನು ಕೆದಕಬೇಡ ಎನ್ನುವುದು ಅಡುಗೆಯವಳಿಗೆ ಒಲೆ ಹಚ್ಚಬೇಡ ಎಂದ ಹಾಗಾಯಿತು. ನಾನು ಬರೆಯುವುದನ್ನು ಬರೆದಿದ್ದೇನೆ, ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಮೊದಲಿಗೆ ಒಂದು ತಿದ್ದುಪಡಿ. ಆಮಂತ್ರಣ ಪತ್ರಿಕೆಯಲ್ಲಿ ಗುರುಗಳ ಸೇವೆ 1970ರಿಂದ ಆರಂಭವಾಯಿತೆಂದು ಅಚ್ಚಾಗಿದೆ. ಸುಳ್ಳು. ಅವರು 1956ರಲ್ಲಿ ಹಿಲ್ ಸ್ಟ್ರೀಟ್ ಶಾಲೆಯ, ಎಂದರೆ ನಮ್ಮ ಕರಿಯರ ಶಾಲೆಯ, ಮುಖ್ಯ ಕೋಚ್ ಆಗಿ ಬಂದವರು. ಕಲ್ಲು ತುಂಬಿದ ಮೈದಾನದಲ್ಲಿ, ಬಿಳಿಯರ ಶಾಲೆಯವರು ಬಿಸಾಡಿದ ಬ್ಯಾಟುಗಳಿಗೆ ಮೊಳೆ ಹೊಡೆದು ಪಟ್ಟಿ ಸುತ್ತಿ, ಕರಿಯರ ಶಾಲೆಗಳ ರಾಜ್ಯ ಪಂದ್ಯಾವಳಿಯನ್ನು ಮೂರು ಸಲ ಗೆದ್ದುಕೊಟ್ಟವರು. ಆ ಹದಿನಾಲ್ಕು ವರ್ಷಗಳು ಯಾರ ಲೆಕ್ಕಕ್ಕೂ ಬರುವುದಿಲ್ಲವಂತೆ.

ನಮ್ಮ ಪಠ್ಯಪುಸ್ತಕದಲ್ಲಿ, 1947ರಲ್ಲಿ ಕರಿಯ ಆಟಗಾರನೊಬ್ಬ ಬಿಳಿಯರ ದೊಡ್ಡ ಲೀಗಿಗೆ ಕಾಲಿಟ್ಟ, ಅಂದಿನಿಂದ ಬಾಗಿಲು ತೆರೆಯಿತು ಎಂದು ಎರಡು ಸಾಲಿದೆ. ಆ ಬಾಗಿಲಿನಿಂದ ನಮ್ಮ ಆಟಗಾರರು ಒಳಗೆ ಹೋದದ್ದು ನಿಜ, ಅದು ದೇಶವೇ ಹೆಮ್ಮೆಪಡಬೇಕಾದ ಸಂಗತಿಯೂ ನಿಜ. ಆದರೆ ಕರಿಯರಿಗೆಂದೇ ಇದ್ದ ನಮ್ಮ ಲೀಗುಗಳ ಕೋಚುಗಳು, ಮ್ಯಾನೇಜರುಗಳು, ಟಿಕೆಟು ಹರಿಯುವವರು ಹೊರಗೇ ನಿಂತರು. ಕೆಲವೇ ವರ್ಷಗಳಲ್ಲಿ ಆ ಲೀಗುಗಳೇ ಮುಚ್ಚಿಹೋದವು. ನಮ್ಮೂರಿನಲ್ಲಿ ಅದೇ ಕತೆ ಇಪ್ಪತ್ತಮೂರು ವರ್ಷ ತಡವಾಗಿ ನಡೆಯಿತು. ನ್ಯಾಯಾಲಯದ ಆಜ್ಞೆಯಂತೆ ಎರಡು ಶಾಲೆಗಳು ಒಂದಾಗಬೇಕಾದಾಗ ಕಾರ್ವೆಲ್ ಹೈಸ್ಕೂಲು ಉಳಿಯಿತು, ಹಿಲ್ ಸ್ಟ್ರೀಟ್ ಶಾಲೆಗೆ ಬೀಗ ಬಿತ್ತು. ಗೆದ್ದ ಟ್ರೋಫಿಗಳನ್ನು ಕಸದ ಲಾರಿಗೆ ತುಂಬಿದರು. ಗುರುಗಳು ತಮ್ಮ ಹಳೆಯ ಪಿಕಪ್ಪಿನಲ್ಲಿ ಲಾರಿಯ ಬೆನ್ನು ಹತ್ತಿ ಹೋಗಿ, ತಿಪ್ಪೆಯಿಂದ ಅವನ್ನು ಆರಿಸಿ ತಂದರು. ಅವರ ಪತ್ನಿ ಶ್ರೀಮತಿ ಆರ್ನೆಟಾ ಒಂದೊಂದನ್ನೂ ತೊಳೆದು ಒರೆಸಿಟ್ಟರು. ಇದನ್ನು ಬರೆಯುವಾಗ ಇಂದಿಗೂ ನನ್ನ ಮೈ ಉರಿಯುತ್ತದೆ.

ಹೊಸ ಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಮಕ್ಕಳಿಗೆ ಕಾರು ಓಡಿಸಲು ಕಲಿಸುವ ಕೆಲಸ, ಜೊತೆಗೆ ಸಹಾಯಕ ಕೋಚ್ ಎಂಬ ಹೆಸರು. ಮುಖ್ಯ ಕೋಚ್ ಆದವರು ಆಗತಾನೆ ಕಾಲೇಜು ಮುಗಿಸಿ ಬಂದಿದ್ದ, ಫುಟ್‌ಬಾಲ್ ಬಿಟ್ಟರೆ ಬೇರೇನೂ ಗೊತ್ತಿಲ್ಲದಿದ್ದ ಶ್ರೀ ಡೇಲ್ ರಕ್ಕರ್. ಈ ಆಟದಲ್ಲಿ ಓಡುವವನು ನಾಲ್ಕು ಬೇಸುಗಳನ್ನು ಮುಟ್ಟಿ ಬಂದರೆ ಒಂದು ರನ್ನು. ಮುಖ್ಯ ಕೋಚ್ ಮೂರನೇ ಬೇಸಿನ ಪಕ್ಕ ನಿಂತು, ಟೋಪಿ ಮುಟ್ಟಿ, ಎದೆ ಸವರಿ, ಸನ್ನೆಯಲ್ಲೇ ಆಟ ನಡೆಸುತ್ತಾನೆ. ಸಹಾಯಕ ಒಂದನೇ ಬೇಸಿನ ಪಕ್ಕ ನಿಂತು, ಓಡಿಬಂದ ಹುಡುಗನ ಬೆನ್ನು ತಟ್ಟುತ್ತಾನೆ. ಗುರುಗಳನ್ನು ಒಂದನೇ ಬೇಸಿಗೆ ನಿಲ್ಲಿಸಿದರು.

ಅವರು ನಿಂತರು. ಊರ ಹೊರಗಿನ ಹೋಟೆಲುಗಳಲ್ಲಿ ನಮ್ಮ ಹುಡುಗರನ್ನು ಬೇಕೆಂದೇ ಕಾಯಿಸುತ್ತಿದ್ದ ಆ ದಿನಗಳಲ್ಲಿ, ಪಂದ್ಯ ಮುಗಿದೊಡನೆ ಇಡೀ ತಂಡವನ್ನು ಚರ್ಚಿನ ಅಡುಗೆಮನೆಗೆ ಕರೆತಂದು, ಆರ್ನೆಟಾ ಅಮ್ಮನ ಕೈಯ ಕರಿದ ಕೋಳಿ, ಮೆಕ್ಕೆಜೋಳದ ಬ್ರೆಡ್ಡು ಹೊಟ್ಟೆ ತುಂಬ ತಿನ್ನಿಸುತ್ತಿದ್ದರು. ಬಿಳಿಯ ಹುಡುಗರೂ ಬೇಡ ಎನ್ನಲಿಲ್ಲ, ಇನ್ನೊಂದು ತುಂಡು ಎಂದು ತಟ್ಟೆ ಚಾಚಿದರು. ನನಗೆ ಕಾರು ಕಲಿಸುವಾಗ, ನನ್ನ ತಾಯಿ ತಲೆತಗ್ಗಿಸಿ ಹಾದುಹೋಗುತ್ತಿದ್ದ ನ್ಯಾಯಾಲಯದ ಎದುರಿಗೇ ನಿಲ್ಲಿಸಲು ಹೇಳಿದರು. ನಾನು ಎರಡು ಸಲ ಗೆರೆ ತಪ್ಪಿಸಿದೆ. "ನಿಧಾನ ತಾಯಿ, ಈ ರಸ್ತೆ ನಿಮ್ಮಪ್ಪನ ತೆರಿಗೇಲೂ ಹಾಕ್ಸಿರೋದೇ" ಎಂದು, ನಾನು ಕಾರನ್ನು ಗೆರೆಯೊಳಗೆ ನೆಟ್ಟಗೆ ನಿಲ್ಲಿಸುವ ತನಕ ಕೆಳಗಿಳಿಯಲಿಲ್ಲ.

ಇನ್ನು 1974ರ ಜಿಲ್ಲಾ ಫೈನಲ್. ಎರಡೂ ಕಡೆ ಸಮಸಮ, ಕೊನೆಯ ಇನಿಂಗ್ಸು, ಮೂರನೇ ಬೇಸಿನಲ್ಲಿ ನಮ್ಮ ಹುಡುಗನೊಬ್ಬ ಓಡಲು ಕಾದಿದ್ದಾನೆ. ಬ್ಯಾಟು ಹಿಡಿದವನು ನಮ್ಮ ಹಿಲ್ ಸ್ಟ್ರೀಟ್ ಕೇರಿಯ ಲೆಮ್ಯುಯಲ್ ಗ್ರಿಯರ್. ಶ್ರೀ ರಕ್ಕರ್ ಮೂರನೇ ಬೇಸಿನ ಪಕ್ಕ ನಿಂತು ಗೊಂದಲದಲ್ಲಿ ಮೈಯೆಲ್ಲ ಮುಟ್ಟಿಕೊಳ್ಳುತ್ತಿದ್ದರು. ಲೆಮ್ಯುಯಲ್ ಅವರತ್ತ ನೋಡಲಿಲ್ಲ. ಇಡೀ ಮೈದಾನ ನೋಡುತ್ತಿದ್ದಂತೆಯೇ ಒಂದನೇ ಬೇಸಿನತ್ತ ತಿರುಗಿದ. ಗುರುಗಳು ಒಂದು ಕ್ಷಣ ತಡೆದು, ಮೊಣಕೈಯನ್ನು ಮೆಲ್ಲಗೆ ಉಜ್ಜಿಕೊಂಡರು. ಚರ್ಚಿನ ಹಿಂದಿನ ಬಯಲಿನಲ್ಲಿ ಶನಿವಾರ ಶನಿವಾರ ಅವರಿಂದ ಕಲಿತ ಇಬ್ಬರು ಹುಡುಗರಿಗೂ ಆ ಸನ್ನೆ ಗೊತ್ತಿತ್ತು. ಲೆಮ್ಯುಯಲ್ ಬೀಸಲಿಲ್ಲ, ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಕಾಲ ಬುಡದಲ್ಲೇ ಸಾಯಿಸಿದ. ಮೂರನೇ ಬೇಸಿನಲ್ಲಿದ್ದವನು ಅಷ್ಟರೊಳಗೆ ಓಡಿಬಂದು, ಮನೆ ಎಂದು ಕರೆಯುವ ಕೊನೆಯ ಬೇಸು ಮುಟ್ಟಿದ್ದ. ನಾವು ಗೆದ್ದೆವು.

ಮರುದಿನದ ಪತ್ರಿಕೆ ಶ್ರೀ ರಕ್ಕರ್ ಅವರ ದಿಟ್ಟ ತಂತ್ರವನ್ನು ಹಾಡಿ ಹೊಗಳಿತು. ಅದೇ ದಿನ ಗುರುಗಳನ್ನು ಶಿಕ್ಷಣಾಧಿಕಾರಿಯ ಕೋಣೆಗೆ ಕರೆಸಿ, ಇನ್ನು ಮೇಲೆ ಮೈದಾನದಲ್ಲಿ ಎರಡು ಕೈಯೂ ಜೇಬಿನಲ್ಲಿರಬೇಕೆಂದು ತಾಕೀತು ಮಾಡಲಾಯಿತು. ಈ ಊರಿನ ಎಷ್ಟೋ ಜನ, ಟ್ರಿಂಬಲ್ ಅವರಿಗೆ ಸೋಮಾರಿತನ, ಜೇಬಿನಿಂದ ಕೈ ತೆಗೆಯುವುದಿಲ್ಲ ಎಂದು ನಗುತ್ತಾ ಬಂದಿದ್ದೀರಿ. ಕಾರಣ ಇದು. ನಕ್ಕವರಿಗೆ ನಾಚಿಕೆಯಾಗಬೇಕು.

ಕೆಲಸಕ್ಕೆ ಸೇರಿದ ವರ್ಷ ನಾನು ತಡೆಯಲಾರದೆ, ಇಷ್ಟು ಅವಮಾನ ನುಂಗಿಕೊಂಡು ಏಕಿದ್ದೀರಿ, ರಾಜೀನಾಮೆ ಮುಖಕ್ಕೆ ಎಸೆದು ಬನ್ನಿ ಎಂದು ಜಗಳಕ್ಕೇ ನಿಂತೆ.

"ನಾನು ಬಿಟ್ಟೋದ್ರೆ ನಮ್ ಹುಡುಗ್ರು ಬೆಂಚ್ ಕಾಯ್ಕೊಂಡೇ ಇರ್ತಾರೆ ಕಣಮ್ಮ," ಎಂದರು. "ಕೈ ಜೇಬಲ್ಲಿದ್ರೇನು, ಬಾಯಿಗೆ ಬೀಗ ಹಾಕಿಲ್ವಲ್ಲ. ಒಂದನೇ ಬೇಸಿಗೆ ಬಂದ ಒಬ್ಬೊಬ್ಬನ್ ಕಿವೀಗೂ ಹೇಳ್ತೀನಿ."

ಹೇಳಿದರು ಕೂಡ. ಆದರೆ ಮುಖ್ಯ ಕೋಚ್ ಹುದ್ದೆ 1978ರಲ್ಲಿ ತೆರವಾದಾಗ ಅರ್ಜಿ ಹಾಕಿದರು, ಮೀಸೆ ಮೂಡದ ಹುಡುಗನೊಬ್ಬನಿಗೆ ಕೊಟ್ಟರು. 1985ರಲ್ಲಿ ಮತ್ತೆ ಹಾಕಿದರು, ಆ ಹುಡುಗನ ಸ್ನೇಹಿತನಿಗೆ ಕೊಟ್ಟರು. ಎರಡು ಸಲವೂ ಅನುಭವ ಸಾಲದು ಎಂಬ ಕಾರಣ ಕೊಟ್ಟರು. ಅನುಭವ ಸಾಲದಂತೆ, ಟ್ರಿಂಬಲ್ ಅವರಿಗೆ!

ಈ ವಸಂತದಲ್ಲಿ, ಈಗ ಶಾಲಾ ಮಂಡಳಿಗೂ ಈ ಸಂಪುಟ ಸಮಿತಿಗೂ ಅಧ್ಯಕ್ಷರಾಗಿರುವ ಶ್ರೀ ರಕ್ಕರ್, ಶಿಕ್ಷಕರ ಕೋಣೆಗೆ ಬಂದು ನಮ್ಮೆಲ್ಲರ ಎದುರಿಗೇ ಮೂಗಿಗೆ ತುಪ್ಪ ಸವರಿದರು. ಹತ್ತೊಂಬತ್ತು ವರ್ಷ, ತಮಗಿಂತ ಹಿರಿಯರನ್ನು ಬರಿಯ ಹೆಸರು ಹಿಡಿದು ಕರೆದವರು ಅಂದು ಮೊದಲ ಸಲ ಕೋಚ್ ಎಂದರು.

"ಕೋಚ್, ಕೊನೇ ಮ್ಯಾಚಲ್ಲಿ ಒಂದು ಇನಿಂಗ್ಸು ಮೂರನೇ ಬೇಸ್ ಹತ್ರ ನೀವೇ ನಿಂತ್ಕೊಳ್ಳಿ. ಪೇಪರ್‌ನೋರೂ ಬರ್ತಾರೆ, ಫೋಟೋ ಚೆನ್ನಾಗಿರುತ್ತೆ."

ಏಳು ಇನಿಂಗ್ಸಿನ ಆಟದಲ್ಲಿ ಒಂದು! ಗುರುಗಳು ಕಾಫಿಯ ಕೊನೆಯ ಗುಟುಕು ಮುಗಿಸಿ ಲೋಟ ಕೆಳಗಿಟ್ಟರು.

"ಅದನ್ನ ನೀನೇ ಇಟ್ಕೋ ಡೇಲ್. ಸನ್ನೆ ಮಾಡೋದು ನಿಂಗಿನ್ನೂ ಅಭ್ಯಾಸ ಆಗ್ಬೇಕು."

ಆಮೇಲೆ ಯಾವ ಉಡುಗೊರೆ ಬೇಕೆಂದು ಸಮಿತಿ ಕೇಳಿದಾಗ, ತಮಗೇನೂ ಬೇಡ ಎಂದರು. ಮುಖ್ಯ ಕೋಚ್ ಹುದ್ದೆ ಈಗ ಮತ್ತೆ ಖಾಲಿ ಇದೆ. ಪಕ್ಕದ ಜಿಲ್ಲೆಯಲ್ಲಿ ಹತ್ತು ವರ್ಷ ತಂಡ ಕಟ್ಟಿದ ಲೆಮ್ಯುಯಲ್ ಗ್ರಿಯರ್ ಅರ್ಜಿ ಹಾಕಿದ್ದಾನೆ. ಅವನದನ್ನಾದರೂ ಓದಿ ನೋಡಿ ಎಂದಷ್ಟೇ ಗುರುಗಳು ಕೇಳಿಕೊಂಡದ್ದು. ಅದಕ್ಕೆ ಈ ತನಕ ಯಾರೂ ಉತ್ತರ ಕೊಟ್ಟಿಲ್ಲ.

ಪೂಜ್ಯ ಗುರುಗಳಿಗೆ ದೇವರು ನೂರು ವರ್ಷ ಆಯುಸ್ಸು ಕೊಡಲಿ. ಆರ್ನೆಟಾ ಅಮ್ಮನವರ ಜೊತೆ ನೆಮ್ಮದಿಯಾಗಿ ಬಾಳುತ್ತಾ, ಚರ್ಚಿನ ಹಿಂದಿನ ಬಯಲಿನಲ್ಲಿ ಇನ್ನೂ ಎರಡು ತಲೆಮಾರಿನ ಮಕ್ಕಳನ್ನು ಅವರು ತಿದ್ದಲಿ. ತಮ್ಮ ಶಿಷ್ಯ ಕಾರ್ವೆಲ್‌ನ ಮುಖ್ಯ ಕೋಚ್ ಆಗಿ ಮೂರನೇ ಬೇಸಿನ ಪಕ್ಕ ನಿಂತದ್ದನ್ನು ಕಣ್ತುಂಬ ನೋಡಲಿ. ಮೊದಲ ಎರಡು ಹಾರೈಕೆಗಳನ್ನು ದೇವರಿಗೆ ಬಿಟ್ಟಿದ್ದೇನೆ. ಮೂರನೆಯದಕ್ಕೆ ದೇವರನ್ನು ಕಾಡಬೇಕಾಗಿಲ್ಲ, ನೂರು ವರ್ಷ ಕಾಯಬೇಕಾಗಿಯೂ ಇಲ್ಲ. ಶಾಲಾ ಮಂಡಳಿಯ ಸಭೆ ಜೂನ್ ತಿಂಗಳ ಎರಡನೇ ಮಂಗಳವಾರ ಸಂಜೆ ಇದೆ, ಸಾರ್ವಜನಿಕರಿಗೆ ಪ್ರವೇಶವಿದೆ. ಗುರುಗಳೂ ನಾನೂ ಮುಂದಿನ ಸಾಲಿನಲ್ಲಿ ಕೂತಿರುತ್ತೇವೆ.