ಸುನಂದ ತೆರೆಯದ ಶೀಶೆ

ಕ್ಯಾಲನೂರಿನ ಸುನಂದ ಕೋಲಾರದ ಒಂದು ಸಂಶೋಧನಾ ಲ್ಯಾಬಿನಲ್ಲಿ ಟೆಕ್ನಿಷಿಯನ್. ಚರ್ಮದ ಜೀವಕೋಶಗಳನ್ನು ಅಂಗೈಯಗಲದ ತಟ್ಟೆಗಳಲ್ಲಿ ಬೆಳೆಸಿ ನೋಡಿಕೊಳ್ಳುವುದು ಅವಳ ಕೆಲಸ. ಒಂದು ವರ್ಷದಿಂದ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣಗಳ ಪರೀಕ್ಷೆ ನಡೆದಿತ್ತು. ನಮ್ಮ ಮೈಯಲ್ಲಿರುವ ಕಿಣ್ವವೊಂದರ ಕೆಲಸವನ್ನೇ ಅವು ಮಾಡುತ್ತಿದ್ದವು. ಜೀವಕೋಶಗಳಲ್ಲಿ ಸೇರಿಕೊಂಡ ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕವಾಗಿಸುತ್ತಿದ್ದವು. ಉಸಿರುಕಟ್ಟಿದ್ದ ಕೋಶಗಳು ಚೇತರಿಸಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಸಂತೋಷಕ್ಕೆ ಸುನಂದ ಮನೆಯಲ್ಲಿ ಹೇಳಿಬಿಟ್ಟಳು. ಅದೇ ತಪ್ಪಾಯಿತು.

ತಾಯಿ ಭಾರತಮ್ಮನಿಗೆ ಶುಗರ್. ಹಾಲು ಕರೆಯುವಾಗ ಹಸು ತುಳಿದು ಎಡಗಾಲಿನ ಬೆರಳಿಗೆ ಆದ ಗಾಯ ಎರಡು ತಿಂಗಳಾದರೂ ಮಾಯ್ದಿರಲಿಲ್ಲ.

"ಬೆರಳಿಗೆ ರಕ್ತ ಓಡ್ತಿಲ್ಲ, ಆಮ್ಲಜನಕ ಸಾಲ್ತಿಲ್ಲ, ತೆಗೀಬೇಕು ಅಂತಾರೆ ಡಾಕ್ಟ್ರು. ನಿಮ್ಮ ಲ್ಯಾಬಲ್ಲಿ ಅದಕ್ಕೇ ಔಷಧಿ ಐತಲ್ಲ ಕಣೇ. ಒಂದು ತೊಟ್ಟು ತಂದ್ರೆ ಏನಾಗ್ತದೆ?"

"ಅದಿನ್ನೂ ಔಷಧಿ ಅಲ್ಲಮ್ಮ. ತಟ್ಟೇಲಿ ಹಾಕಿ ನೋಡ್ತಿದೀವಿ ಅಷ್ಟೇ."

"ತಟ್ಟೇಲಿರೋದು ಬದುಕ್ಲಿ. ನಿಮ್ಮಮ್ಮನ ಕಾಲು ಹೋಗ್ಲಿ."

ಮರುದಿನ ಸುನಂದ ಆ ಕಣಗಳಿದ್ದ ಕಂದು ದ್ರಾವಣದ ಒಂದು ಪುಟ್ಟ ಶೀಶೆಯನ್ನು ಊಟದ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆನ್ನಿಸಿ ಚೀಲವನ್ನು ಅವುಚಿಕೊಂಡು ಕೂತಳು. ಮನೆಯಲ್ಲಿ ಭಾರತಮ್ಮ ಪಟ್ಟಿ ಬಿಚ್ಚಿ ಕಾಲು ಚಾಚಿದಳು. ಊದಿದ ಬೆರಳು, ಸುತ್ತ ಕೀವು. ತಾನು ದಿನವೂ ನೋಡುವ ಕೋಶಗಳಲ್ಲಿ ಒಂದಕ್ಕೂ ಕೀವು ತಾಗಿಲ್ಲವೆಂಬುದು ಸುನಂದಳಿಗೆ ಆಗ ಹೊಳೆಯಿತು. ಮುಚ್ಚಳದ ಮೇಲಿಟ್ಟ ಕೈ ಹಾಗೇ ನಿಂತಿತು.

"ಆಗಲ್ಲಮ್ಮ," ಎಂದು ಎದ್ದಳು. ತಾಯಿ ಮಾತು ಬಿಟ್ಟಳು.

ಬೆಳಿಗ್ಗೆ ಲ್ಯಾಬಿನ ಮುಖ್ಯಸ್ಥ ಗಂಗಾಧರ್ ಅವರ ಮೇಜಿನ ಮೇಲೆ ಶೀಶೆ ಇಟ್ಟಳು. ಕೆಲಸ ಹೋಯಿತೆಂದೇ ಅವಳ ಎಣಿಕೆ.

"ಮನೆಗೆ ತಗೊಂಡೋಗಿದ್ದೆ ಸರ್. ಹಾಕ್ಲಿಲ್ಲ. ಕೀವಿರೋ ಗಾಯದಲ್ಲಿ ಇದು ಹೆಂಗಿರ್ತದೆ ಅಂತ ನಾವು ನೋಡೇ ಇಲ್ಲ."

ಗಂಗಾಧರ್ ಶೀಶೆಯನ್ನು ಎತ್ತಿ ಮುಚ್ಚಳ ನೋಡಿದರು. "ನಡೆದದ್ದನ್ನ ಬರೆದು ಕೊಡಿ. ನಾನು ಮೇಲಕ್ಕೆ ಕಳಿಸ್ಲೇಬೇಕು," ಎಂದರು. ಅವಳು ಬಾಗಿಲ ಬಳಿ ಹೋದಾಗ ಮತ್ತೆ ಕರೆದರು. "ಈ ಕಣ ಹಾಕಿ, ಸ್ವಲ್ಪ ಆಸಿಡ್ ಸೇರಿಸಿದ ದ್ರವದಲ್ಲೂ ಒಂದು ತಟ್ಟೆ ಇಟ್ಟು ನೋಡಿ."

ಕೀವು ಕಟ್ಟಿದ ಗಾಯದಲ್ಲಿ ಹುಳಿ ಏರುವುದುಂಟು. ಮೂರನೆಯ ದಿನ ಸುನಂದ ಆ ತಟ್ಟೆಯನ್ನು ನೋಡಿದಾಗ ಒಂದು ಕೋಶವೂ ಉಳಿದಿರಲಿಲ್ಲ. ಕಣ ಹಾಕದ ಹುಳಿ ದ್ರವದ ತಟ್ಟೆಯಲ್ಲಿ ಕೋಶಗಳು ಉಳಿದಿದ್ದವು. ಹುಳಿಯಲ್ಲಿ ಅದೇ ಕಣಗಳು ಬೇರೊಂದು ಕಿಣ್ವದಂತೆ ನಡೆದುಕೊಂಡು, ಆಮ್ಲಜನಕ ಕೊಡುವ ಬದಲು ಕೋಶಗಳನ್ನೇ ಸುಟ್ಟಿದ್ದವು. ತಟ್ಟೆಯನ್ನು ಅವಳು ಗಂಗಾಧರ್ ಅವರ ಮೇಜಿಗೆ ಒಯ್ದಳು.

ಎಚ್ಚರಿಕೆ ಪತ್ರ ಬಂತು, ಕೆಲಸ ಉಳಿಯಿತು. ಆ ವಾರವೇ ಆಸ್ಪತ್ರೆಯಲ್ಲಿ ಭಾರತಮ್ಮನ ಬೆರಳು ತೆಗೆದರು. ಈಗ ಅವಳು ಕೊಟ್ಟಿಗೆಗೆ ಓಡಾಡುತ್ತಾಳೆ, ಮಗಳೊಂದಿಗೆ ಮಾತೂ ಆಡುತ್ತಾಳೆ. ಲ್ಯಾಬಿನ ಸುದ್ದಿ ಮಾತ್ರ ಕೇಳುವುದಿಲ್ಲ. ಪ್ರತಿ ಸಂಜೆ ಸುನಂದ ತಾಯಿಯ ಪಾದ ತೊಳೆದು ಒರೆಸಿ, ಉಳಿದ ಬೆರಳುಗಳ ಸಂದುಗಳನ್ನು ಟಾರ್ಚ್ ಹಿಡಿದು ಒಂದೊಂದಾಗಿ ನೋಡುತ್ತಾಳೆ.